ಒಗರು ನೀರು

ಆ ಸಾಬೂನು ಕಾರ್ಖಾನೆಯಲ್ಲಿ ಅಪ್ಪನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಯಜಮಾನಿಯಿಂದ ಹಿಡಿದು ಸರಕು ಇಳಿಸುವ ಗಾಡಿಯವನವರೆಗೆ ಎಲ್ಲರ ಬಾಯಲ್ಲೂ ಅವನು ಮೂಗಯ್ಯ. ಅವನ ಕೆಲಸವೂ ಅದೇ, ಮೂಸುವುದು. ಬೆಳಗ್ಗೆ ಎಣ್ಣೆ, ಕೊಬ್ಬು ತುಂಬಿದ ಪೀಪಾಯಿಗಳು ಅಂಗಳಕ್ಕೆ ಬಂದಿಳಿದರೆ ಒಂದೊಂದರ ಮುಚ್ಚಳ ತೆಗೆದು ಗಾಜಿನ ಕಡ್ಡಿ ಅದ್ದುತ್ತಿದ್ದ. ಅದನ್ನು ಮುಂಗೈಗೆ ಸವರಿ, ಉಜ್ಜಿ ಬೆಚ್ಚಗೆ ಮಾಡಿ, ಕಣ್ಣು ಮುಚ್ಚಿ ಮೂಸುತ್ತಿದ್ದ. ಒಳ್ಳೆಯದಾದರೆ ಪೀಪಾಯಿಯ ಮೇಲೆ ಸೀಮೆಸುಣ್ಣದ ಒಂದು ಗೀಟು, ಕಮಟು ಹತ್ತಿದ್ದರೆ ಎರಡು. ಎರಡು ಗೀಟು ಬಿದ್ದದ್ದು ಬಂದ ದಾರಿಯಲ್ಲೇ ವಾಪಸು.

ಈ ಕೆಲಸ ಸಣ್ಣದಲ್ಲ. ಕಮಟು ಹಿಡಿದ ಒಂದೇ ಒಂದು ಪೀಪಾಯಿ ಕಡಾಯಿಗೆ ಬಿದ್ದರೂ ಆ ದಿನ ಏನೂ ಗೊತ್ತಾಗುವುದಿಲ್ಲ. ಸಾಬೂನು ಬೆಳ್ಳಗೆ, ಹುಡುಗಿಯ ಕೆನ್ನೆಯ ಹಾಗೆ ನುಣ್ಣಗೆ ಬರುತ್ತದೆ. ಕತ್ತರಿಸಿ ಅಟ್ಟಣೆಯ ಮೇಲೆ ಒಣಗಲು ಇಟ್ಟ ಮೂರು ವಾರಕ್ಕೆ ಮೈತುಂಬ ಕಿತ್ತಳೆ ಬಣ್ಣದ ಚುಕ್ಕೆ ಏಳುತ್ತವೆ. ಅದನ್ನು ಅಲ್ಲಿನವರು ಸಿಡುಬು ಎನ್ನುತ್ತಿದ್ದರು. ಅಪ್ಪ ಮೂಸಲು ನಿಂತ ಇಪ್ಪತ್ತೆರಡು ವರ್ಷದಲ್ಲಿ ಅಲ್ಲಿ ಸಿಡುಬು ಬಿದ್ದಿರಲಿಲ್ಲ.

ಎರಡು ಪೀಪಾಯಿಗಳ ನಡುವೆ ಅವನು ತೋಳು ಮಡಚಿ ತನ್ನ ಮೊಣಕೈಯ ಸಂದಿಗೆ ಮೂಗು ಒತ್ತಿಕೊಳ್ಳುತ್ತಿದ್ದ. "ತನ್ನ ವಾಸನೆ ತನಗೆ ಸೊನ್ನೆ. ಸೊನ್ನೆಗೆ ಬಂದು ಮತ್ತೆ ಎಣಿಸಬೇಕು," ಎನ್ನುತ್ತಿದ್ದ.

ಸಾಬೂನಿಗೆ ಕಾಗದ ಸುತ್ತುವ ಕೋಣೆಯಲ್ಲಿ ಕೆಲಸಕ್ಕಿದ್ದ ಅವನ ಮಗಳಿಗೆ ಕಿಟಕಿಯಿಂದ ಇದೆಲ್ಲ ಕಾಣುತ್ತಿತ್ತು. ಅಮ್ಮ ತೀರಿಹೋದಾಗ ಏಳನೇ ತರಗತಿಯಲ್ಲಿದ್ದವಳು ಮನೆ ನೋಡಿಕೊಳ್ಳಲು ಶಾಲೆ ಬಿಟ್ಟಳು. ಬಿಟ್ಟದ್ದಕ್ಕೆ ಅಷ್ಟೇನೂ ಅತ್ತಿರಲಿಲ್ಲ, ಎದ್ದು ನಿಂತು ಉತ್ತರ ಹೇಳುವ ಕಾಟ ತಪ್ಪಿತ್ತು. ಈಗ ಇಪ್ಪತ್ತು ವರ್ಷ. ಬಂದದ್ದೂ ಹೋದದ್ದೂ ತಿಳಿಯದ ಹಾಗೆ ನಡೆಯುತ್ತಾಳೆಂದು ಪಕ್ಕದಲ್ಲಿ ಕೂತು ಸಾಬೂನು ಸುತ್ತುವ ರೇಡಿಯೊ ಅಕ್ಕ ಅವಳಿಗೆ ಬೆಕ್ಕಮ್ಮ ಎಂದು ಹೆಸರಿಟ್ಟಿದ್ದಳು. ರೇಡಿಯೊ ಅಕ್ಕನಿಗೆ ಆ ಹೆಸರು ಏಕೆ ಬಂತೆಂದು ಅವಳ ಪಕ್ಕ ಅರ್ಧ ಗಂಟೆ ಕೂತವರಿಗೆ ಹೇಳಬೇಕಿರಲಿಲ್ಲ.

"ನಾನು ಎರಡಾಳು ಮಾತು ಆಡ್ತೀನಿ, ನೀನು ಅರ್ಧ ಆಳು," ಎಂದು ಅವಳು ರೇಗಿಸುತ್ತಿದ್ದಳು. "ನಿಮ್ಮಪ್ಪನ ಜೊತೇಲಾದ್ರೂ ಬಾಯಿ ಬಿಡ್ತೀಯೋ, ಅಲ್ಲೂ ಬೀಗಾನೋ?"

ಅಪ್ಪನ ಜೊತೆಯಲ್ಲಿ ಬಾಯಿ ಬಿಡುವ ಅಗತ್ಯವೇ ಬಿದ್ದಿರಲಿಲ್ಲ. ಚಿಕ್ಕಂದಿನಿಂದ ದಿನಾ ಸಂಜೆ ಅವನು ಅವಳ ನೆತ್ತಿ ಮೂಸುತ್ತಿದ್ದ. ಮೂಸಿ ಹೇಳುತ್ತಿದ್ದ, "ನಾಳೆ ಜ್ವರ ಬರುತ್ತೆ ನಿನಗೆ, ಬೆಚ್ಚಗೆ ಮಲಕೋ." ಅಥವಾ, "ಇವತ್ತು ಹೆದರಿದ್ದೀಯಲ್ಲ ತಾಯಿ, ಯಾರು ಬೈದ್ರು?" ಹೆದರಿದ ಬೆವರು ಬೇರೆ, ಓಡಿದ ಬೆವರು ಬೇರೆ ಎಂದು ಅವನ ಲೆಕ್ಕ. ಅಮ್ಮ ಹೋದ ವರ್ಷ ಮಗಳು ಕೊಟ್ಟಿಗೆಯ ಹಿಂದೆ ಹೋಗಿ ಅತ್ತು, ಮುಖ ತೊಳೆದು, ತಲೆ ಬಾಚಿಕೊಂಡು ಬಂದರೂ ನೆತ್ತಿ ಮೂಸಿದವನೇ ಏನೂ ಕೇಳದೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. ಹೇಳದೆಯೇ ತಿಳಿಯುವವನೊಬ್ಬ ಮನೆಯಲ್ಲಿದ್ದರೆ ಮಾತು ಕಲಿಯುವುದು ಯಾತಕ್ಕೆ?

ಅಂಥ ಮೂಗಿಗೆ ಅವರಿಬ್ಬರೂ ಸೇರಿ ಮಾಡುತ್ತಿದ್ದ ಆರೈಕೆಯೆಂದರೆ ಪಟಿಕದ ನೀರು. ಕ್ಷೌರದಂಗಡಿಯಲ್ಲಿ ಕೆನ್ನೆ ಕೊಯ್ದರೆ ಉಜ್ಜುತ್ತಾರಲ್ಲ, ಆ ಬಿಳೀ ಕಲ್ಲು. ಅದನ್ನು ಕುಟ್ಟಿ ಬಿಸಿನೀರಿಗೆ ಹಾಕಿ, ಆರಿಸಿ, ಬೊಗಸೆಯಲ್ಲಿ ಹಿಡಿದು ಮೂಗಿಗೆ ಸೇದಿ ಹೊರಗೆ ಸೀಟುವುದು. ಇದು ಅಪ್ಪನಿಗೆ ಅವನಿಗಿಂತ ಮುಂಚೆ ಅಲ್ಲಿ ಮೂಸುತ್ತಿದ್ದ ಮುದುಕ ಕಲಿಸಿಕೊಟ್ಟದ್ದು. "ಹಸಿ ಗೋಡೆ ಮೇಲೆ ಬರೆದರೆ ಅಕ್ಷರ ನಿಲ್ಲುತ್ತೇನೋ? ಒಣಗಿದ ಮೂಗೇ ಒಳ್ಳೆ ಮೂಗು," ಎನ್ನುತ್ತಿದ್ದನಂತೆ. ಕಡೆಕಡೆಗೆ ಆ ಮುದುಕನಿಗೆ ಹೂವಿಗೂ ಹೊಗೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ವಯಸ್ಸಾಯಿತು ಎಂದುಕೊಂಡರು. ಕಾರ್ಖಾನೆಯಲ್ಲಿ ಬೇರೆ ಯಾರೂ ಮೂಸುವವರಿರಲಿಲ್ಲ, ಆದ್ದರಿಂದ ಬೇರೆ ಮಾತು ಹೇಳುವವರೂ ಇರಲಿಲ್ಲ.

ಮುದುಕ ವಾರಕ್ಕೊಮ್ಮೆ ಮಾಡುತ್ತಿದ್ದನಂತೆ. ಅಪ್ಪನೂ ಹಾಗೇ ಮಾಡುತ್ತಿದ್ದ. ಎರಡು ವರ್ಷದ ಹಿಂದೆ ಅಂಗಳಕ್ಕೆ ಒತ್ತಿಕೊಂಡೇ ಹೊಸ ಕಡಾಯಿ ಹೂಡಿದರು. ಕೊಬ್ಬಿಗೆ ಸುರಿಯುವ ಕ್ಷಾರದ ನೀರಿನ ಆವಿ ಇಡೀ ದಿನ ಅವನ ಮುಖಕ್ಕೇ ಹೊಡೆಯತೊಡಗಿತು. ಮೂಗು ಸೋರಲು ಹಿಡಿಯಿತು. ಸೋರುವ ಮೂಗೆಂದರೆ ಅವನಿಗೆ ಅವಮಾನ. ವಾರಕ್ಕೊಮ್ಮೆ ಇದ್ದದ್ದು ದಿನಕ್ಕೊಮ್ಮೆ ಆಯಿತು. ನೀರು ಮಾಡುವವಳು ಮಗಳು.

"ಇವತ್ತು ಇನ್ನೊಂದು ಚಿಟಿಕೆ ಹಾಕು ತಾಯಿ, ನಿನ್ನೆದು ಸಪ್ಪೆ ಆಯ್ತು," ಎನ್ನುತ್ತಿದ್ದ. ಅವಳು ಹಾಕುತ್ತಿದ್ದಳು. ಸೀಟಿದ ಮೇಲೆ ಅವನ ಮುಖ ಹುಳಿ ಕಡಿದವನ ಹಾಗೆ ಮುದುಡುತ್ತಿತ್ತು. ಅದು ಅವಳಿಗೆ ನಗು ತರಿಸುತ್ತಿತ್ತು. ದಿನಕ್ಕೆ ಅವನು ಅವಳಿಂದ ಕೇಳಿ ಪಡೆಯುತ್ತಿದ್ದದ್ದು ಅದೊಂದನ್ನೇ, ಹಾಗಾಗಿ ಅವಳು ಅದನ್ನು ಅಕ್ಕರೆಯಿಂದ ಮಾಡುತ್ತಿದ್ದಳು. ಪಟಿಕ ನುಣ್ಣಗಾಗುವವರೆಗೆ ಕುಟ್ಟುತ್ತಿದ್ದಳು, ಬಟ್ಟೆಯಲ್ಲಿ ಸೋಸುತ್ತಿದ್ದಳು, ಬಿಸಿ ಸರಿಯಿದೆಯೇ ಎಂದು ಮಣಿಕಟ್ಟಿನ ಮೇಲೆ ಬಿಟ್ಟು ನೋಡುತ್ತಿದ್ದಳು.

ಒಂದು ರಜೆಯ ದಿನ ಬೆಳಗ್ಗೆ ಒಲೆಯ ಮೇಲೆ ಹಾಲಿಟ್ಟು ಅವಳು ಹಿತ್ತಲಿಗೆ ಬಟ್ಟೆ ಹಿಂಡಲು ಹೋದಳು. ಅಪ್ಪ ಒಲೆಯಿಂದ ಎರಡು ಮಾರು ದೂರದಲ್ಲಿ ಪೇಪರು ಓದುತ್ತ ಕೂತಿದ್ದ. ಒಲೆಯ ಮೇಲಿನ ಹಾಲು ಅಪ್ಪನಿದ್ದಾಗ ಸೀಯುವುದುಂಟೇ ಎಂಬ ಧೈರ್ಯ ಅವಳದು. ಕೊನೆಯ ಬಟ್ಟೆ ಹಿಂಡುವಾಗ ಸೀದ ವಾಸನೆ ಹಿತ್ತಲಿಗೇ ಬಂತು. ಓಡಿ ಬಂದರೆ ಹಾಲು ಉಕ್ಕಿ, ಬತ್ತಿ, ತಳ ಕರಿಯಾಗಿ ಪಾತ್ರೆಯಿಂದ ಹೊಗೆ ಏಳುತ್ತಿದೆ. ಅಪ್ಪ ಪೇಪರಿನ ಪುಟ ತಿರುವಿದ. ತಲೆ ಎತ್ತಲಿಲ್ಲ.

ಪಕ್ಕದ ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಹುರಿಯುತ್ತಿದ್ದಾರೆಂದು ಗೇಟಿನಲ್ಲೇ ನಿಂತು ಹೇಳುತ್ತಿದ್ದ ಅಪ್ಪ.

ಅವಳು ಸದ್ದಿಲ್ಲದೆ ಒಲೆ ಆರಿಸಿ, ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಹಿತ್ತಲಿಗೆ ಒಯ್ದು, ತಳದ ಕರಿಯನ್ನು ಬೂದಿ ಹಾಕಿ ತಿಕ್ಕಿದಳು. ಉಗುರು ಸೀಳಿತು. ಕಣ್ಣೀರು ಪಾತ್ರೆಗೇ ಬಿತ್ತು. ಸಂಜೆ ಅಪ್ಪ ಎಂದಿನಂತೆ ನೆತ್ತಿ ಮೂಸಿದ.

"ಚೆನ್ನಾಗಿದೀಯ," ಎಂದ.

ಆಗ ಅವಳಿಗೆ ಹೊಳೆಯಿತು. ಮೂಗು ಹೋದದ್ದು ನೆನ್ನೆ ಮೊನ್ನೆಯಲ್ಲ. ಎಷ್ಟೋ ತಿಂಗಳಿಂದ ಅವನು "ಚೆನ್ನಾಗಿದೀಯ" ಅಂತಲೇ ಹೇಳುತ್ತಿದ್ದ. ಅವಳೇ ಗಮನಿಸಿರಲಿಲ್ಲ.

ಮೂಗು ಹೋದ ಮೂಗಯ್ಯನಿಗೆ ಕಾರ್ಖಾನೆಯಲ್ಲಿ ಏನು ಉಳಿಯುತ್ತದೆ? ಮರುದಿನದಿಂದ ಅವಳು ಕಿಟಕಿಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಅಪ್ಪ ಎಲ್ಲವನ್ನೂ ಮೊದಲಿನಂತೆಯೇ ಮಾಡುತ್ತಿದ್ದ, ಕಡ್ಡಿ ಅದ್ದುವುದು, ಉಜ್ಜುವುದು, ಕಣ್ಣು ಮುಚ್ಚುವುದು. ಆದರೆ ಮೂಸಿದ ಮೇಲೆ ಬಣ್ಣ ನೋಡುತ್ತಿದ್ದ. ಬೆರಳಲ್ಲಿ ತಿಕ್ಕಿ ಜಿಗುಟು ನೋಡುತ್ತಿದ್ದ. ಗಾಡಿಯವನ ಮುಖ ನೋಡುತ್ತಿದ್ದ. ಅಷ್ಟು ತಿಂಗಳು ಸಿಡುಬು ಬೀಳದ ಹಾಗೆ ದಾಟಿಸಿದ್ದು ಹೀಗೇ ಇರಬೇಕು. ಪಾಠ ಬಾರದ ಹುಡುಗ ಮೇಷ್ಟರ ಮುಖ ನೋಡಿ ಉತ್ತರ ಹುಡುಕುವುದು ಅವಳಿಗೆ ಗೊತ್ತಿತ್ತು. ತಾನೂ ನೋಡಿದವಳೇ.

ಕಾರ್ಖಾನೆಯ ಗಂಟೆ ಬಾರಿಸುವ ಅರ್ಧ ತಾಸು ಮುಂಚೆಯೇ ಅವಳು ಅಲ್ಲಿಗೆ ಹೋಗತೊಡಗಿದಳು. ಸರಕು ಇಳಿಸಿ ಗಾಡಿಯವನು ಚಹಾ ಕುಡಿಯಲು ಹೋಗಿರುತ್ತಿದ್ದ. ಅಪ್ಪನ ಹಾಗೆಯೇ ಮುಂಗೈಗೆ ಸವರಿಕೊಂಡು, ಉಜ್ಜಿ, ಮೂಸುತ್ತಿದ್ದಳು. ಇಪ್ಪತ್ತು ವರ್ಷ ಆ ಮನುಷ್ಯನ ಮನೆಯಲ್ಲಿ ಬೆಳೆದವಳಿಗೆ ಕಮಟು ಯಾವುದೆಂದು ಯಾರೂ ಕಲಿಸಬೇಕಿರಲಿಲ್ಲ. ಕೆಟ್ಟ ಪೀಪಾಯಿ ಸಿಕ್ಕರೆ ಅದರ ಹಿಂಬದಿಯಲ್ಲಿ, ಅಂಚಿನ ಕೆಳಗೆ, ಮೆದು ಸಾಬೂನಿನ ಒಂದು ಉಂಡೆಯನ್ನು ಹೆಬ್ಬೆರಳಲ್ಲಿ ಒತ್ತುತ್ತಿದ್ದಳು.

ಮೊದಲನೇ ದಿನ ಅಪ್ಪ ಪೀಪಾಯಿಯನ್ನು ಸರಿಸಲು ಕೈ ಹಾಕಿದಾಗ ಬೆರಳಿಗೆ ಅದು ತಾಗಿತು. ನಿಂತ. ಬೆರಳು ನೋಡಿಕೊಂಡ. ಕಿಟಕಿಯ ಕಡೆ ಮಾತ್ರ ನೋಡಲಿಲ್ಲ. ಕಡ್ಡಿ ಅದ್ದಿ, ಮೂಸಿ, ಎರಡು ಗೀಟೆಳೆದ. ಅಂದಿನಿಂದ ಪ್ರತಿ ಪೀಪಾಯಿಯ ಹಿಂಬದಿಗೂ ಅವನ ಕೈ ಒಮ್ಮೆ ಹೋಗಿ ಬರುತ್ತಿತ್ತು. ಮನೆಯಲ್ಲಿ ಇಬ್ಬರೂ ಆ ವಿಷಯ ಎತ್ತಲಿಲ್ಲ. ಪಟಿಕದ ನೀರು ಮಾತ್ರ ಇನ್ನೂ ಗಟ್ಟಿಯಾಯಿತು. ಗಟ್ಟಿ ಮಾಡಿದರೆ ಮೂಗು ತಿರುಗಿ ಬರುತ್ತದೆಂದು ಅವನ ಆಸೆ. ಅವಳದೂ ಅದೇ. ಹೀಗೆ ಎರಡು ತಿಂಗಳು.

ಆಮೇಲೆ ಅವಳಿಗೆ ನೆಗಡಿಯಾಯಿತು.

ಬೆಳಗ್ಗೆ ಎದ್ದರೆ ಮೂಗು ಎರಡೂ ಕಡೆ ಕಟ್ಟಿ, ತಲೆ ಕಲ್ಲಾಗಿತ್ತು. ಮಾತಾಡಿದ್ದರೆ ದನಿಯಲ್ಲೇ ಅಪ್ಪನಿಗೆ ಗೊತ್ತಾಗುತ್ತಿತ್ತು. ಮಾತಾಡಲಿಲ್ಲ. ಸೀನು ಬಂದಾಗ ಹಿತ್ತಲಿಗೆ ಹೋದಳು. ಕಾರ್ಖಾನೆಗೆ ಹೋಗಿ ಒಂಬತ್ತು ಪೀಪಾಯಿಗಳ ಮುಂದೆ ನಿಂತರೆ ಒಂಬತ್ತೂ ನೀರಿನ ಹಾಗೆ. "ಅಪ್ಪ, ಇವತ್ತು ನನ್ನ ಮೂಗು ಕಟ್ಟಿದೆ, ಉಂಡೆ ಇಲ್ಲ ಅಂತ ಎಲ್ಲ ಒಳ್ಳೇವು ಅಂದ್ಕೋಬೇಡ," ಎಂದು ಒಂದು ಮಾತು ಹೇಳಬಹುದಿತ್ತು. ಹೇಳಬೇಕಾದರೆ, ನಿನ್ನ ಮೂಗು ಹೋಗಿದೆ ಎಂದು ಮೊದಲು ಹೇಳಬೇಕಿತ್ತು. ನಾಲಗೆ ಏಳಲಿಲ್ಲ. ಅಪ್ಪ ಒಂಬತ್ತರ ಹಿಂಬದಿಗೂ ಕೈಯಾಡಿಸಿ, ಒಂಬತ್ತಕ್ಕೂ ಒಂದೊಂದೇ ಗೀಟೆಳೆದ. ಕಡಾಯಿ ಕಾಯುವ ಕಡಾಯಿ ಮಾವ ಎಲ್ಲವನ್ನೂ ಸುರಿಸಿಕೊಂಡ.

ಮಧ್ಯಾಹ್ನ ರೇಡಿಯೊ ಅಕ್ಕ ಅವಳ ಹಣೆ ಮುಟ್ಟಿ ನೋಡಿದಳು. "ಸುಡ್ತಾ ಇದೆ. ಮೂಗಯ್ಯನ ಮಗಳಿಗೆ ಮೂಗೇ ಇಲ್ಲ ಇವತ್ತು. ನಡಿ, ಡಾಕ್ಟರಮ್ಮನ ಹತ್ರ. ನೀನಂತೂ ಹೇಳಲ್ಲ, ನಾನೇ ಹೇಳ್ತೀನಿ ಎಲ್ಲ," ಎಂದು ಎಳೆದುಕೊಂಡೇ ಹೋದಳು.

ಎರಡು ಬೆಂಚು, ಒಂದು ತೂಕದ ಯಂತ್ರ, ಗೋಡೆಯ ಮೇಲೆ ಅರ್ಧ ಸೀಳಿದ ತಲೆಯ ಚಿತ್ರ. ಡಾಕ್ಟರಮ್ಮ ದೀಪ ಹಚ್ಚಿ ಅವಳ ಮೂಗಿನೊಳಗೆ ನೋಡಿ, "ಏನಿಲ್ಲ, ಪೊರೆ ಊದಿದೆ. ನಾಲ್ಕು ದಿನ," ಎಂದರು. ರೇಡಿಯೊ ಅಕ್ಕ ತನ್ನ ಮಂಡಿ ನೋವಿನ ಕಥೆ ತೆಗೆದಳು. ಅದು ಮುಗಿಯುವವರೆಗೆ ಮಗಳು ಗೋಡೆಯ ಚಿತ್ರವನ್ನೇ ನೋಡುತ್ತಿದ್ದಳು. ಮೂಗಿನ ತೂತಿನಿಂದ ಗಂಟಲಿನವರೆಗೆ ಒಳಗೆಲ್ಲ ಗುಲಾಬಿ ಬಣ್ಣ ಬಳಿದಿತ್ತು. ಜೀವಮಾನದಲ್ಲಿ ಮೊದಲ ಸಲ ಅವಳು ಯಾರೂ ಕೇಳದೆ ತಾನಾಗಿ ಬಾಯಿ ಬಿಟ್ಟಳು.

"ಅದು ಏನು?"

ಡಾಕ್ಟರಮ್ಮ ತಿರುಗಿ ನೋಡಿದರು. "ಲೋಳೆಪೊರೆ. ಕೆನ್ನೆ ಒಳಗೆ ನಾಲಗೆ ಆಡಿಸಿ ನೋಡು, ಜಾರುತ್ತಲ್ಲ? ಅದೇ. ಮೂಗು, ಬಾಯಿ, ಗಂಟಲು, ಹೊಟ್ಟೆ, ಕರುಳು, ರೆಪ್ಪೆ ಒಳಗೆ, ಎಲ್ಲಾ ಕಡೆ ಅದೇ ಹೊದಿಕೆ. ಹೊರಗಿನ ಚರ್ಮ ಗೋಡೆ ಇದ್ದ ಹಾಗೆ, ಯಾರನ್ನೂ ಒಳಗೆ ಬಿಡಲ್ಲ. ಇದು ಬಾಗಿಲು. ಗಾಳಿ, ಅನ್ನ, ನೀರು ಒಳಗೆ ಬಿಡಬೇಕು, ಧೂಳು, ರೋಗ ತಡೀಬೇಕು. ಅದಕ್ಕೇ ಒದ್ದೆ ಇರೋದು, ಅಂಟು ಇರೋದು."

"ಸಿಂಬಳ ಗಲೀಜು ಅಲ್ವಾ?"

"ಗಲೀಜು ಹಿಡಿಯೋದು ಅದು. ಪೊರಕೆ ಮೇಲೆ ಕಸ ಇದೆ ಅಂತ ಪೊರಕೇನೆ ಕಸ ಅನ್ನೋಕಾಗುತ್ತಾ? ಹೊಗೆ, ಆವಿ ತಗಲಿದ್ರೆ ಜಾಸ್ತಿ ಸುರಿಯುತ್ತೆ, ತೊಳೆದು ಹೊರಗೆ ಹಾಕೋಕೆ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. "ಪಟಿಕದ ನೀರು ಹಾಕಿ ಒಣಗಿಸಿದ್ರೆ ವಾಸನೆ ಚೆನ್ನಾಗಿ ಗೊತ್ತಾಗುತ್ತೆ ಅಂತಾರೆ."

"ಯಾರಂತಾರೆ?" ಡಾಕ್ಟರಮ್ಮನ ಕೈ ಬರೆಯುವುದನ್ನು ನಿಲ್ಲಿಸಿತು. "ವಾಸನೆ ಒಣ ಜಾಗಕ್ಕೆ ಹತ್ತೋದೇ ಇಲ್ಲಮ್ಮ. ಮೂಗಿನ ಮೇಲ್ಗಡೆ ಉಗುರಿನಷ್ಟು ಜಾಗ ಇದೆ. ಆ ಒದ್ದೇಲಿ ಕರಗಿದ್ರೇನೇ ವಾಸನೆ ಅನ್ನೋದು. ಪಟಿಕ ಯಾರು ಬಳಸ್ತಾರೆ ಗೊತ್ತಾ? ತೊಗಲು ಹದ ಮಾಡೋರು. ಸತ್ತ ತೊಗಲು ಗಟ್ಟಿ ಆಗ್ಲಿ ಅಂತ."

ರೇಡಿಯೊ ಅಕ್ಕ ಮಂಡಿ ಉಜ್ಜಿಕೊಳ್ಳುವುದನ್ನು ಬಿಟ್ಟಳು.

"ದಿನಾ ಹಾಕಿದ್ರೆ?" ಎಂದಳು.

"ಎಷ್ಟು ದಿನ?"

"ಎರಡು ವರ್ಷ."

"ಕಾರ್ಖಾನೆ ಆವೀನೂ ಇದ್ಯಾ ಜೊತೆಗೆ?" ಅವಳು ಹೌದೆಂದು ತಲೆ ಹಾಕಿದಳು. "ಹಾಗಾದ್ರೆ ಯಾವುದು ಎಷ್ಟು ಕೆಡಿಸ್ತು ಅಂತ ಹೇಳೋದು ಕಷ್ಟ. ಪೊರೆ ಮತ್ತೆ ಹುಟ್ಟೋ ಜಾತಿ. ಬಾಯಿ ಸುಟ್ರೆ ಎರಡು ದಿನಕ್ಕೆ ಮಾಯಲ್ವಾ? ಆದ್ರೆ ಮೇಲಿನ ಆ ಉಗುರಿನಷ್ಟು ಜಾಗ ಒಂದ್ಸಲ ಪೂರಾ ಕೆಟ್ರೆ ಕೆಟ್ಟಿದ್ದೇ. ಮೊದಲು ಅದನ್ನ ನಿಲ್ಲಿಸಿ. ಉಗುರುಬೆಚ್ಚಗಿನ ನೀರಿಗೆ ಚೂರು ಉಪ್ಪು ಹಾಕಿ ತೊಳೀಲಿ. ಆಮೇಲೆ ಕರ್ಕೊಂಡು ಬಾ, ನೋಡ್ತೀನಿ."

ದಾರಿಯಲ್ಲಿ ರೇಡಿಯೊ ಅಕ್ಕ ಒಂದು ಮಾತೂ ಆಡಲಿಲ್ಲ. ಕಾರ್ಖಾನೆಯ ಬಾಗಿಲಲ್ಲಿ ಅವಳ ಮುಂದಲೆ ಸರಿಮಾಡಿ, "ನನ್ನ ಬಾಯಿಂದ ಹೊರಗೆ ಹೋಗಲ್ಲ," ಎಂದಳು. ಆ ಮಾತನ್ನು ಉಳಿಸಿಕೊಂಡಳು ಕೂಡ.

ಮಗಳು ಮನೆಗೆ ಹೋಗಿ ಕುಟ್ಟಾಣಿ ಮುಂದೆ ಕೂತಳು. ತಳದಲ್ಲಿ ಬಿಳೀ ಪುಡಿ ಅಂಟಿತ್ತು. ಒಂದು ಚಿಟಿಕೆ ನಾಲಗೆಗೆ ಹಾಕಿಕೊಂಡಳು. ಬಾಯಿಯೆಲ್ಲ ಒಗರೊಗರಾಗಿ, ಕೆನ್ನೆಯ ಒಳಗೋಡೆ ಹಲ್ಲಿಗೆ ಹಿಡಿದುಕೊಂಡಿತು. ನಾಲಗೆ ಆಡಿಸಿದರೆ ಜಾರಲಿಲ್ಲ. ಇಷ್ಟನ್ನು ಎರಡು ವರ್ಷದಲ್ಲಿ ಒಂದು ದಿನವೂ ತಾನು ಬಾಯಿಗೆ ಹಾಕಿ ನೋಡಿರಲಿಲ್ಲ. ಬಿಸಿ ಸರಿಯಿದೆಯೇ ಎಂದು ಮಾತ್ರ ನೋಡಿದ್ದಳು. ಕೈಯಾರೆ ಕುಟ್ಟಿ, ಕೈಯಾರೆ ಸೋಸಿ, ದಿನಾ ಬೆಳಗ್ಗೆ ಅಪ್ಪನ ಮೂಗನ್ನು ಒಳಗಿನಿಂದ ತೊಗಲಿನ ಹಾಗೆ ಹದ ಮಾಡಿದ್ದಳು.

ಮರುದಿನ ಬೆಳಗ್ಗೆ ಉಪ್ಪಿನ ನೀರು ಮಾಡಿ ಅದೇ ಚೊಂಬಿನಲ್ಲಿ, ಅದೇ ಜಾಗದಲ್ಲಿ ಇಟ್ಟಳು. ಪಟಿಕ ಕುಟ್ಟುವ ಸದ್ದು ಕೇಳಲೆಂದು ಖಾಲಿ ಕುಟ್ಟಾಣಿಯನ್ನೇ ನಾಲ್ಕು ಸಲ ಕುಟ್ಟಿದಳು. ಅಪ್ಪ ಬೊಗಸೆಯಲ್ಲಿ ಹಿಡಿದು ಸೇದಿದ. ಒಂದು ಕ್ಷಣ ಹಾಗೇ ಬಗ್ಗಿ ನಿಂತ. ಸೀಟಿ, ಮುಖ ಒರೆಸಿಕೊಂಡು ಒಳಗೆ ಹೋದ. ಇನ್ನೊಂದು ಚಿಟಿಕೆ ಹಾಕು ಎಂದು ಅಂದಾಗಲಿ ಆಮೇಲಾಗಲಿ ಅವನು ಕೇಳಲಿಲ್ಲ. ಅದನ್ನೂ ಅವಳು ಒಳ್ಳೆಯ ಲಕ್ಷಣವೆಂದೇ ಎಣಿಸಿದಳು. ಅವಳ ನೆಗಡಿ ಇಳಿಯುವವರೆಗೆ ಕಾರ್ಖಾನೆಗೆ ಹೊಸ ಸರಕೂ ಬರಲಿಲ್ಲ.

ದಿನಾ ಪರೀಕ್ಷೆ. ಸಂಜೆ ಅವನು ಕೂರುವ ಜಾಗದಲ್ಲಿ ಪೇಪರಿನ ಕೆಳಗೆ ಏನಾದರೊಂದು ಇಡುತ್ತಿದ್ದಳು, ಜಜ್ಜಿದ ಬೆಳ್ಳುಳ್ಳಿ, ಕಾಫಿಪುಡಿ, ಹೊಸ ಸಾಬೂನಿನ ಚೂರು. ಅವನು ಪೇಪರು ಎತ್ತಿ ಓದುತ್ತಿದ್ದ. ಹದಿನೈದನೇ ದಿನವಿರಬೇಕು, ನಿಂಬೆಯ ಸಿಪ್ಪೆ ಹಿಂಡಿ ಇಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಕೂತ. ಕತ್ತು ಎತ್ತಿದ. ಮೂಗಿನ ಹೊಳ್ಳೆ ಅರಳಿದವು.

"ಏನೋ ಒಂದು ಬಂತಲ್ಲ," ಎಂದ. "ನಿಂಬೆ ಇದ್ದ ಹಾಗಿದೆ."

ಅವಳು ಒಳಗೆ ಹೋಗಿ ಗೋಡೆಗೆ ಹಣೆ ಒತ್ತಿಕೊಂಡು ನಿಂತಳು. ಆ ವಾರ ಅವಳು ರೇಡಿಯೊ ಅಕ್ಕನಿಗೆ ತಾನಾಗಿ ಮೂರು ಮಾತು ಆಡಿದಳು. ಅಕ್ಕ ಲೆಕ್ಕ ಇಟ್ಟು ಕಡಾಯಿ ಮಾವನಿಗೆ ವರದಿ ಒಪ್ಪಿಸಿದಳು.

ಮರುವಾರ ಸಿಡುಬು ಬಿತ್ತು.

ಮೊದಲು ನೋಡಿದವನು ಕಡಾಯಿ ಮಾವ. ಅಟ್ಟಣೆಯಿಂದ ಒಂದು ಹಲಗೆ ಇಳಿಸಿ, ಬೆಳಕಿಗೆ ಹಿಡಿದು, ಟೋಪಿ ತೆಗೆದ. ಬೆಳ್ಳನೆಯ ತುಂಡುಗಳ ಮೇಲೆ ಸಾಸಿವೆ ಗಾತ್ರದ ಕಿತ್ತಳೆ ಚುಕ್ಕೆಗಳು. ಇನ್ನೊಂದು ಹಲಗೆ ಇಳಿಸಿದರು. ಅದರಲ್ಲೂ. ಆ ಒಂಬತ್ತು ಪೀಪಾಯಿಯ ಇಡೀ ಸರಕು.

ಯಜಮಾನಿ ಬಂದರು. ಕೂಗಾಡುವ ಹೆಂಗಸಲ್ಲ. ಒಂದು ತುಂಡು ಎತ್ತಿ ಅಪ್ಪನ ಕೈಗೆ ಕೊಟ್ಟರು. "ಮೂಗಯ್ಯ, ಇದನ್ನ ಮೂಸಿ ಹೇಳು, ಎಷ್ಟನೇ ಪೀಪಾಯಿದು ಅಂತ." ಅವಮಾನ ಮಾಡಬೇಕೆಂದು ಕೇಳಿದ್ದಲ್ಲ. ಹಿಂದೆ ಅವನು ಹಾಗೆ ಹೇಳುತ್ತಿದ್ದ.

ಅಪ್ಪ ತುಂಡನ್ನು ಮೂಗಿನ ಹತ್ತಿರ ಒಯ್ದ. ಕಣ್ಣು ಮುಚ್ಚಿದ. ತೋಳು ಮಡಚಿ ಮೊಣಕೈಯ ಸಂದಿಗೆ ಮೂಗು ಒತ್ತಿದ. ಮತ್ತೆ ತುಂಡು. ಮತ್ತೆ ಮೊಣಕೈ. ಕಾಗದ ಸುತ್ತುವವರು, ಕತ್ತರಿಸುವವರು, ಎಲ್ಲರೂ ನಿಂತು ನೋಡುತ್ತಿದ್ದರು.

"ಎರಡೂ ಒಂದೇ ಥರ ಇದೆ ಅಮ್ಮ," ಎಂದ. "ಸೊನ್ನೆ."

"ಎಷ್ಟು ದಿನದಿಂದ?"

"ವರ್ಷ ಆಗ್ತಾ ಬಂತು. ಹೇಳಬೇಕಿತ್ತು. ಹೇಳಲಿಲ್ಲ."

ಅವಳು ಮುಂದೆ ಬಂದಳು. ಅಷ್ಟು ಜನರ ನಡುವೆ ಅವಳ ಕಾಲು ತಾನಾಗಿ ನಡೆದದ್ದು ಅದೇ ಮೊದಲು. "ಹೆಚ್ಚುಕಮ್ಮಿ ಮೂರು ತಿಂಗಳಿಂದ ನಾನೇ ಮೂಸ್ತಾ ಇದ್ದಿದ್ದು. ಆವತ್ತು ನನಗೆ ನೆಗಡಿ. ಅಪ್ಪಂಗೆ ಹೇಳ್ಲಿಲ್ಲ. ಇದು ನಂದು."

ಕಡಾಯಿ ಮಾವ ವಾತಾವರಣ ತಿಳಿ ಮಾಡಲೆಂದು, "ಹಂಗಾದ್ರೆ ನಮ್ಮಲ್ಲಿ ಎರಡು ಮೂಗಿತ್ತು ಅನ್ನು," ಎಂದ. ಯಾರೂ ನಗಲಿಲ್ಲ. ಅವನೇ ಟೋಪಿ ಹಾಕಿಕೊಂಡು ಕಡಾಯಿಯ ಕಡೆ ನಡೆದ.

ಯಜಮಾನಿ ಅಪ್ಪನ ಕೈಯಿಂದ ತುಂಡನ್ನು ತೆಗೆದು ಹಲಗೆಗೆ ಹಾಕಿ ಅವಳ ಕಡೆ ತಿರುಗಿದರು. "ನಾಳೆಯಿಂದ ನೀನೇ ಅಂಗಳದಲ್ಲಿ ನಿಲ್ಲು. ನಿಮ್ಮಪ್ಪ ಕತ್ತರಿಸೋ ಮೇಜಿಗೆ ಬರಲಿ." ಅಪ್ಪ ಜೇಬಿನಿಂದ ಸೀಮೆಸುಣ್ಣ ತೆಗೆದು ಮಗಳ ಅಂಗೈಯಲ್ಲಿಟ್ಟ. ಸವೆದು ಬೆರಳಿನ ಗಾತ್ರವಾಗಿತ್ತು, ಇನ್ನೂ ಬೆಚ್ಚಗಿತ್ತು. ಕದ್ದ ಮಾಲನ್ನು ಕದ್ದವಳಿಗೇ ಬಹುಮಾನ ಕೊಟ್ಟ ಹಾಗೆ ಅವಳಿಗೆ ಅನ್ನಿಸಿತು.

ಅಂದೇ ಮಧ್ಯಾಹ್ನ ಅವನನ್ನು ಡಾಕ್ಟರಮ್ಮನ ಬಳಿಗೆ ಕರೆದೊಯ್ದಳು. ನಿಂಬೆ ಹುಟ್ಟಿಸಿದ ಆಸೆಯನ್ನು ಅವಳು ಇನ್ನೂ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಡಾಕ್ಟರಮ್ಮ ಬಹಳ ಹೊತ್ತು ದೀಪ ಹಿಡಿದು ನೋಡಿದರು. ಆಮೇಲೆ ಒಂದೊಂದಾಗಿ ನಾಲ್ಕು ಸೀಸೆಗಳ ಮುಚ್ಚಳ ತೆಗೆದು ಅವನ ಮೂಗಿಗೆ ಹಿಡಿದರು. ನಾಲ್ಕಕ್ಕೂ ಅವನು ಇಲ್ಲವೆಂದು ತಲೆಯಾಡಿಸಿದ. ಕೊನೆಯ ಸೀಸೆ ನಿಂಬೆಯ ಎಣ್ಣೆಯದು, ಬಾಗಿಲ ಹತ್ತಿರ ನಿಂತ ಅವಳಿಗೂ ಘಮ್ಮೆಂದಿತು.

"ಕೆಳಗಿನ ಪೊರೆ ಸುಧಾರಿಸ್ತಾ ಇದೆ," ಎಂದರು ಡಾಕ್ಟರಮ್ಮ. "ಉಪ್ಪುನೀರು ಬಿಡಬೇಡಿ, ಉಸಿರಿಗೆ ಒಳ್ಳೇದು. ಮೇಲಿಂದು ಬರಲ್ಲಪ್ಪ. ಸುಮ್ಮನೆ ಆಸೆ ಹುಟ್ಟಿಸಲ್ಲ ನಾನು."

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅವನು ಹಿತ್ತಲ ಮೆಟ್ಟಿಲ ಮೇಲೆ ಕೂತ. ಅವಳು ಕೆಳಗಿನ ಮೆಟ್ಟಿಲಲ್ಲಿ ಕೂತಳು, ಎಂದಿನ ಜಾಗ. ಅಲ್ಲಿ ಕೂತರೆ ನೆತ್ತಿ ಅವನ ಮುಖಕ್ಕೆ ಸರಿಯಾಗಿ ಸಿಗುತ್ತಿತ್ತು.

"ಅಪ್ಪ. ಆವತ್ತು ನಿಂಬೆ ಅಂದ್ಯಲ್ಲ."

"ಸಿಪ್ಪೆ ಪೇಪರಿನ ಕೆಳಗಿಂದ ಇಣುಕ್ತಾ ಇತ್ತು ತಾಯಿ. ಬಾಗಿಲಲ್ಲಿ ನೀನು ಉಸಿರು ಕಟ್ಟಿ ನಿಂತಿದ್ದೆ."

ಅವಳು ಮೆಟ್ಟಿಲಿನ ಅಂಚನ್ನು ಉಗುರಿನಿಂದ ಕೆರೆದಳು.

"ನೀರು ಬದಲಾಯಿಸಿದ್ದೂ ಗೊತ್ತು. ಮೂಗು ಹೋದ್ರೆ ನಾಲಗೆ ಹೋಗುತ್ತಾ? ಒಗರು ಯಾವ್ದು ಉಪ್ಪು ಯಾವ್ದು ಗಂಟಲಿಗೆ ಇಳಿದ ತಕ್ಷಣ ಗೊತ್ತಾಯ್ತು. ಖಾಲಿ ಕುಟ್ಟಾಣಿ ಕುಟ್ಟೋ ಸದ್ದೇ ಬೇರೆ." ಅವನು ಸ್ವಲ್ಪ ನಕ್ಕ. "ಯಾರೋ ನಿನಗೆ ಹೇಳಿದ್ದಾರೆ, ಪಟಿಕ ತಪ್ಪು ಅಂತ. ನೀನೇ ಮಾಡಿಕೊಡ್ತಿದ್ದೆ ಅನ್ನೋದು ನಿನ್ನ ಹೊಟ್ಟೇಲಿ ಕೂತಿದೆ. ನಾನು ಬಾಯಿ ಬಿಟ್ರೆ ನೀನೂ ಬಿಡಬೇಕಾಗುತ್ತಲ್ಲ ಅಂತ ಸುಮ್ಮನಿದ್ದೆ. ಕೇಳಿಸ್ಕೋ. ಕೇಳಿದವನು ನಾನು, ಇನ್ನೊಂದು ಚಿಟಿಕೆ ಹಾಕು ಅಂದವನೂ ನಾನು."

"ಹಾಕಿದ್ದು ನನ್ನ ಕೈ."

"ಹೌದು," ಎಂದ ಅಪ್ಪ. ಅಲ್ಲ ಎನ್ನಲಿಲ್ಲ. ಸುಳ್ಳು ಸಮಾಧಾನ ಹೇಳುವುದು ಅವನಿಗೆ ಆ ನಿಂಬೆಯ ಮಾತಿಗೇ ಸಾಕಾಗಿತ್ತೇನೋ. ಅವಳ ಕೈಯನ್ನು ಎತ್ತಿ ತನ್ನ ಮಂಡಿಯ ಮೇಲಿಟ್ಟುಕೊಂಡ, ಅಷ್ಟೇ.

ಹೊತ್ತು ಇಳಿಯಿತು. ಅಭ್ಯಾಸಬಲದಿಂದ ಅವನು ಅವಳ ನೆತ್ತಿಗೆ ಬಗ್ಗಿದ. ಕೂದಲಿಗೆ ಉಸಿರು ತಾಗಿತು. ಬಗ್ಗಿದವನು ಹಾಗೇ ಉಳಿದ. "ಚೆನ್ನಾಗಿದೀಯ" ಎಂಬ ಮಾತಿಗೆ ಅವಳು ಕಾದಳು. ಅದು ಬರಲಿಲ್ಲ.

"ಇನ್ಮೇಲೆ ನೀನೇ ಹೇಳಬೇಕು ಕಣೇ," ಎಂದ. "ನನಗೆ ಇಲ್ಲಿಂದ ಏನೂ ಸಿಗ್ತಾ ಇಲ್ಲ. ಹೇಳು. ಇವತ್ತು ಹೇಗಿದೀಯ?"

ಅವಳು ಬಾಯಿ ತೆರೆದಳು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ಹಾಲಿನಿಂದ ಶುರು ಮಾಡಿದಳು. "ಒಂದ್ಸಲ ಹಾಲು ಸೀದಿತ್ತು ಅಪ್ಪ. ನೀನು ಪೇಪರು ಓದ್ತಾ ಇದ್ದೆ. ನಾನು ಹಿತ್ತಲಲ್ಲಿ ಕೂತು ಪಾತ್ರೆ ತಿಕ್ಕಿದೆ. ಉಗುರು ಸೀಳ್ತು." ಆಮೇಲೆ ಬೆಳಗಿನ ಪೀಪಾಯಿಗಳು. ಆಮೇಲೆ ಗೋಡೆಯ ಮೇಲಿನ ಗುಲಾಬಿ ಬಣ್ಣ. ಅಮ್ಮ ಹೋದ ವರ್ಷ ಕೊಟ್ಟಿಗೆಯ ಹಿಂದೆ ಅತ್ತದ್ದನ್ನೂ ಹೇಳಿದಳು, ಅದು ಅವನಿಗೆ ಆಗಲೇ ಗೊತ್ತಿದ್ದರೂ. ಮಾತು ತೊದಲಿತು, ನಿಂತಿತು, ಮತ್ತೆ ಹೊರಟಿತು. ಅವನು ಪೀಪಾಯಿಯ ಮುಂದೆ ನಿಲ್ಲುತ್ತಿದ್ದ ಹಾಗೆಯೇ ಕಣ್ಣು ಮುಚ್ಚಿ ಕೇಳುತ್ತಿದ್ದ.

ಕೇಳುತ್ತ ಕೇಳುತ್ತ ಅವನ ಕಣ್ಣು ತುಂಬಿ, ಮೂಗು ಸೋರತೊಡಗಿತು. ಎಷ್ಟೋ ತಿಂಗಳಿಂದ ಒಣಗಿದ್ದ ಮೂಗು. ಅವನು ನಾಚಿಕೊಂಡು, ಹೆಗಲ ಮೇಲಿನ ಬಟ್ಟೆಗೆ ಕೈ ಹಾಕಿದ.

ಅವಳು ಆ ಕೈಯನ್ನು ಹಿಡಿದುಕೊಂಡಳು.

"ಒರೆಸ್ಬೇಡ ಅಪ್ಪ," ಎಂದಳು. "ಒದ್ದೆ ಇರಲಿ."